ಮುದಿನಾಯಿಯ ಕಣ್ಣು

ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ನೇತ್ರದರ್ಶಕವನ್ನು ಲೋಕಕ್ಕೆ ತಿಳಿಸುವವರೆಗೆ ಜೀವಂತ ಕಣ್ಣಿನ ಒಳಭಾಗವನ್ನು ವೈದ್ಯರು ಸರಿಯಾಗಿ ಕಂಡಿರಲಿಲ್ಲ. ಮನುಷ್ಯರಿಗೆಂದು ಹುಟ್ಟಿದ ಆ ಉಪಕರಣ ನಮ್ಮ 13 ವರ್ಷದ ರಾಜನ ಕಣ್ಣಿಗೂ ಒದಗಿತು. ಅವನ ಕಣ್ಣು ನೀಲಿಗಟ್ಟಿತ್ತು. ಪೊರೆಯೇ, ಇನ್ನು ಕುರುಡೇ ಗತಿ ಎಂದು ಅತ್ತೆಯವರು ಊಟ ಬಿಟ್ಟು ಕೂತಿದ್ದರು. ಪಶುವೈದ್ಯರು ಕೋಣೆ ಕತ್ತಲು ಮಾಡಿ ಬೆಳಕು ಹಾಯಿಸಿದರು. ಪೊರೆಯಾದರೆ ಬೆಳಕಿಗೆ ತಡೆ. ಮಸೂರ ಬರೀ ವಯಸ್ಸಿಗೆ ಗಟ್ಟಿಯಾಗಿದ್ದರೆ ಒಳಗಿನ ಹೊಳಪು ಕಾಣುತ್ತದೆ. ಕಂಡಿತು!

ಆಮೇಲೆ ಕಾಗದದ ಪಟ್ಟಿ. ಷಿರ್ಮರ್ ಎಂಬ ನೇತ್ರವೈದ್ಯರು 1903ರಲ್ಲಿ ಹೇಳಿಕೊಟ್ಟದ್ದು. ಕೆಳರೆಪ್ಪೆಗೆ ಸಿಕ್ಕಿಸಿದರೆ ನಿಮಿಷದಲ್ಲಿ 15 ಮಿಲಿಮೀಟರಾದರೂ ನೆನೆಯಬೇಕು. ರಾಜನದು ಒಂಬತ್ತೇ. ಹೆದರಿದ ನೀಲಿಯಿಂದ ಅಪಾಯವಿಲ್ಲ, ಯಾರೂ ಗಮನಿಸದ ಒಣಗಣ್ಣನ್ನು ಬಿಟ್ಟಿದ್ದರೆ ಹುಣ್ಣಾಗಿ ದೃಷ್ಟಿಯೇ ಹೋಗಬಹುದಿತ್ತಂತೆ. ದಿನಕ್ಕೆರಡು ಸಲ ಮುಲಾಮು. ಅತ್ತೆಯವರು ಅದನ್ನು ಬೇರೆಯವರ ಕೈಗೆ ಕೊಡುವುದಿಲ್ಲ.