ಬಟ್ಟಲಿನಿಂದ ಬಯಾಪ್ಸಿಗೆ, ಬಯಾಪ್ಸಿಯಿಂದ ಬಟ್ಟಲಿಗೆ

ತಿಂಗಳುಗಟ್ಟಲೆ ಹೊಟ್ಟೆ ಕೆಟ್ಟ ನಾಯಿಯನ್ನು ಕರೆತರುವವರ ಕೈಯಲ್ಲಿ ಈಚೆಗೆ ಎರಡು ವಸ್ತುಗಳು ತಪ್ಪದೆ ಇರುತ್ತವೆ. ಒಂದು, ‘ಧಾನ್ಯರಹಿತ’ ಎಂದು ದಪ್ಪಕ್ಷರದಲ್ಲಿ ಬರೆದ ದುಬಾರಿ ಆಹಾರದ ಚೀಲ. ಇನ್ನೊಂದು, ನಾಯಿಯ ಕೂದಲನ್ನೋ ಜೊಲ್ಲನ್ನೋ ಕಳಿಸಿ ತರಿಸಿಕೊಂಡ ವರದಿ. ಕೋಳಿ, ಅಕ್ಕಿ, ಕ್ಯಾರೆಟ್ಟು, ಕುಂಬಳಕಾಯಿ ಎಲ್ಲವೂ ಅದರಲ್ಲಿ ನಿಷಿದ್ಧ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಂಥ ಪರೀಕ್ಷೆಗೆ ಅಲರ್ಜಿ ಇರುವ ನಾಯಿ, ಇಲ್ಲದ ನಾಯಿ, ಜೊತೆಗೆ ಕೃತಕ ತುಪ್ಪಳ ಮತ್ತು ಬರೀ ಶುದ್ಧ ನೀರಿನ ಮಾದರಿಗಳನ್ನೂ ಕಳಿಸಿ ನೋಡಿದ್ದರು. ಜೀವವಿಲ್ಲದ ತುಪ್ಪಳಕ್ಕೂ ಆಗದ ಪದಾರ್ಥಗಳ ಪಟ್ಟಿ ಬಂತು. ಆದರೂ ಆ ವ್ಯಾಪಾರ ನಿಂತಿಲ್ಲ.

ಪಶುವೈದ್ಯರಾದ ನಮ್ಮ ಕಡೆಯವರ ತಪ್ಪೂ ಇದರಲ್ಲಿದೆ. ಭೇದಿ ಅಂದ ಕೂಡಲೇ ಒಂದು ಇಂಜೆಕ್ಷನ್, ಒಂದು ಬಾಟಲಿ ಸಲೈನ್, ಐದು ದಿನದ ಮೆಟ್ರೊನಿಡಜೋಲ್ ಎಂಬ ಆಂಟಿಬಯೋಟಿಕ್. ನಾಲ್ಕು ದಿನ ಹದಕ್ಕೆ ಬಂದಂತೆ ಕಾಣುತ್ತದೆ, ಎರಡು ವಾರಕ್ಕೆ ಮತ್ತೆ ಅದೇ ಕಥೆ. ಹೀಗೆ ಆರು ತಿಂಗಳು ಅಲೆದವರು ಯಾರ ಮಾತು ಕೇಳಬೇಕೆಂದು ತಿಳಿಯದೆ ಅಂಗಡಿಯವರ ಮಾತು ಕೇಳಿದರೆ ಬೈಯುವುದು ಹೇಗೆ? ಆದ್ದರಿಂದ ನಾಯಿಯ ಕರುಳಿನ ವೈದ್ಯ ಎಲ್ಲಿಂದ ಎಲ್ಲಿಗೆ ಬಂದಿದೆ ಎಂಬುದನ್ನು ಒಮ್ಮೆ ತಿರುಗಿ ನೋಡುವುದು ಒಳ್ಳೆಯದು ಅನ್ನಿಸಿತು.

ಹಳೆಯದನ್ನು ಬೇಗ ದಾಟಬಹುದು. ಕನ್ನಡದಲ್ಲಿ ಕೀರ್ತಿವರ್ಮನ ‘ಗೋವೈದ್ಯ’ ಇದೆ. ಅದು ದನಗಳಿಗೆ. ಕಲ್ಯಾಣದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಬೇಟೆನಾಯಿಗಳ ಪ್ರಸ್ತಾಪ ಬರುತ್ತದೆ, ಆದರೆ ರಾಜನಿಗೆ ಬೇಕಾದದ್ದು ಅವುಗಳ ಓಟ. 1761ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಮೊದಲ ಪಶುವೈದ್ಯ ಶಾಲೆ ಸ್ಥಾಪನೆಯಾದದ್ದು ಕುದುರೆ ಮತ್ತು ದನಗಳ ಸಲುವಾಗಿ. 1958ರಲ್ಲಿ ನಮ್ಮ ಹೆಬ್ಬಾಳದ ಕಾಲೇಜು ಶುರುವಾದಾಗಲೂ ಮಾತೆಲ್ಲ ಹಾಲು, ಕೆಚ್ಚಲು, ಗೊರಸಿನದ್ದೇ. ನಾವು ಓದುವಾಗ ನಾಯಿ ಪರೀಕ್ಷೆಗೆ ಬರುವ ವಿಷಯವಾಗಿತ್ತೇ ಹೊರತು ಜೀವನಕ್ಕೆ ದಾರಿಯಾಗುವ ವಿಷಯವಾಗಿರಲಿಲ್ಲ. ಒಂದು ಹೆಸರನ್ನು ಮಾತ್ರ ಇಲ್ಲಿ ಬಿಡುವ ಹಾಗಿಲ್ಲ: ಅಮೆರಿಕದ ಮಾರ್ಕ್ ಮಾರಿಸ್. 1939ರ ಸುಮಾರಿಗೆ ‘ಬಡ್ಡಿ’ ಎಂಬ ಅಂಧರ ದಾರಿನಾಯಿಯ ಮೂತ್ರಪಿಂಡ ಕೈಕೊಟ್ಟಾಗ ಅವರು ಔಷಧಕ್ಕಿಂತ ಮೊದಲು ಅದರ ಊಟ ಬದಲಿಸಿದರು. ನಾಯಿಯ ಕಾಯಿಲೆಗೆ ಊಟವೇ ಚಿಕಿತ್ಸೆಯಾಗಬಹುದು ಎಂಬ ಮಾತು ಅಲ್ಲಿಂದ ಬೇರೂರಿತು. ಆ ಮಾತು ಕರುಳಿನ ಕಾಯಿಲೆಗೆ ಬಂದು ತಲುಪಲು ಮಾತ್ರ ಅರ್ಧ ಶತಮಾನಕ್ಕೂ ಹೆಚ್ಚು ಹಿಡಿಯಿತು.

ನಡುವೆ ಎಲ್ಲರ ಕಣ್ಣು ಕರುಳಿನ ಗೋಡೆಯ ಮೇಲಿತ್ತು. 1965ರಲ್ಲಿ ಅಮೆರಿಕದಲ್ಲಿ ವಾನ್ ಕ್ರೂನಿಂಗೆನ್ ಮತ್ತು ಜೊತೆಗಾರರು ಬಾಕ್ಸರ್ ತಳಿಯ ಎಳೆಯ ನಾಯಿಗಳಲ್ಲಿ ರಕ್ತ ಮತ್ತು ಲೋಳೆ ಬೀಳುವ ದೊಡ್ಡ ಕರುಳಿನ ಹುಣ್ಣನ್ನು ವಿವರಿಸಿದರು. ಕಾರಣ ತಿಳಿಯದ್ದರಿಂದ ದಶಕಗಳ ಕಾಲ ಅದನ್ನು ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿಬಿದ್ದ ರೋಗವೆಂದು ಹೇಳುತ್ತಿದ್ದರು, ಎಷ್ಟೋ ನಾಯಿಗಳಿಗೆ ದಯಾಮರಣ ಕೊಡಿಸಿದರು. 2006ರಲ್ಲಿ ಕಾರ್ನೆಲ್‌ನ ಕೆನೆತ್ ಸಿಂಪ್ಸನ್ ತಂಡ ಅದೇ ಹುಣ್ಣಿನ ಜೀವಕೋಶಗಳ ಒಳಗೆ ಇ. ಕೋಲಿ ಬ್ಯಾಕ್ಟೀರಿಯಾ ಅಡಗಿರುವುದನ್ನು ತೋರಿಸಿತು. ಸರಿಯಾದ ಆಂಟಿಬಯೋಟಿಕ್ ಕೊಟ್ಟರೆ ನಾಯಿ ಬದುಕುತ್ತಿತ್ತು. ನಾವು ‘ಕಾರಣವಿಲ್ಲ’ ಎಂದದ್ದು ‘ಕಾಣಲಿಲ್ಲ’ ಎಂದಷ್ಟೇ ಆಗಿತ್ತು. ಈ ಗೆಲುವನ್ನೇ ನೆಪ ಮಾಡಿಕೊಂಡು ಬಾಕ್ಸರ್ ಅಲ್ಲದ, ರಕ್ತ ಬೀಳದ ನಾಯಿಗಳಿಗೂ ಆ ಆಂಟಿಬಯೋಟಿಕ್ ಬರೆದವರುಂಟು. ಈಗ ಬಾಕ್ಸರ್‌ಗಳಲ್ಲೇ ಅದಕ್ಕೆ ಜಗ್ಗದ ಬ್ಯಾಕ್ಟೀರಿಯಾ ಸಿಗುತ್ತಿದೆ.

ನಮ್ಮ ಪೀಳಿಗೆಯವರ ಕಣ್ಣು ತೆರೆಸಿದ್ದು ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯ. ಈ ಪಕ್ಷಪಾತವನ್ನು ನಾನು ಮುಚ್ಚಿಡುವುದಿಲ್ಲ. ಜರ್ಮನ್ ಶೆಫರ್ಡ್ ಒಂದು ಬಕಾಸುರನಂತೆ ತಿಂದರೂ ಎಲುಬಿನ ಹಂದರವಾಗುತ್ತ ಬಂದರೆ ಮೇದೋಜೀರಕ ಗ್ರಂಥಿಯ ಮೇಲೆ ಸಂಶಯ. ಅದನ್ನು ಪರೀಕ್ಷಿಸಲು ಆಗ ನಮಗಿದ್ದದ್ದು ಹಳೆಯ ಎಕ್ಸ್‌ರೇ ಫಿಲಂ! ನೀರಲ್ಲಿ ಕದಡಿದ ಮಲಕ್ಕೆ ಫಿಲಂ ಚೂರನ್ನು ಅದ್ದಿಟ್ಟರೆ, ಮಲದಲ್ಲಿ ಟ್ರಿಪ್ಸಿನ್ ಇದ್ದಾಗ ಫಿಲಮ್ಮಿನ ಮೇಲಿನ ಜೆಲಟಿನ್ ಕರಗಿ ಅದು ತಿಳಿಯಾಗಬೇಕು. ಮಲದಲ್ಲಿದ್ದ ಬ್ಯಾಕ್ಟೀರಿಯಾಗಳೂ ಅದನ್ನು ಕರಗಿಸುತ್ತಿದ್ದವು, ಆರೋಗ್ಯವಂತ ನಾಯಿಯ ಫಿಲಂ ಕೆಲವೊಮ್ಮೆ ಕರಗುತ್ತಲೇ ಇರಲಿಲ್ಲ. 1980ರ ದಶಕದಲ್ಲಿ ಲಿವರ್‌ಪೂಲಿನ ಡೇವಿಡ್ ವಿಲಿಯಮ್ಸ್ ಮತ್ತು ರೋಜರ್ ಬ್ಯಾಟ್ ಇದಕ್ಕೆ ರಕ್ತದ ಪರೀಕ್ಷೆಯೊಂದನ್ನು ರೂಪಿಸಿದರು. ಟಿಎಲ್‌ಐ ಎಂಬ ಅದು ಇಂದಿಗೂ ಅಲುಗಿಲ್ಲ. ಗ್ರಂಥಿ ಸೊರಗಿದ ನಾಯಿಗೆ ಊಟದ ಜೊತೆ ಕಿಣ್ವದ ಪುಡಿ ಬೆರೆಸಿ ಕೊಟ್ಟರೆ ಕೆಲವೇ ವಾರಗಳಲ್ಲಿ ಮೈ ತುಂಬಿಕೊಳ್ಳುತ್ತದೆ.

ರಕ್ತದಲ್ಲಿ ಬಿ12 ಮತ್ತು ಫೋಲೇಟ್ ಅಳೆದು ಕರುಳಿನ ಯಾವ ಭಾಗ ಸೋತಿದೆ ಎಂದು ಊಹಿಸುವ ಕ್ರಮವನ್ನು ಬೆಳೆಸಿದವರೂ ಇದೇ ಬಳಗದವರು. ಐರಿಷ್ ಸೆಟರ್ ತಳಿಯ ಕೆಲವು ವಂಶಗಳಿಗೆ ಗೋಧಿಯ ಗ್ಲುಟೆನ್ ಆಗದು, ಅದು ವಂಶಪಾರಂಪರ್ಯ ಎಂದು ತೋರಿಸಿದವರೂ ಅವರೇ. ಅದು ಒಂದು ತಳಿಯ ಕೆಲವು ವಂಶಗಳ ಮಾತು. ಇಂದು ಎಲ್ಲ ನಾಯಿಗಳ ಚೀಲದ ಮೇಲೂ ಅಚ್ಚಾಗುತ್ತಿದೆ.

ಲಿವರ್‌ಪೂಲಿನ ಎಲ್ಲವೂ ಉಳಿಯಲಿಲ್ಲ. ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾ ವಿಪರೀತ ಹೆಚ್ಚುವುದೇ ಶೆಫರ್ಡ್‌ಗಳ ಹಳೇ ಭೇದಿಗೆ ಕಾರಣ ಎಂಬ ವಾದ ಒಂದು ಕಾಲಕ್ಕೆ ವೇದವಾಕ್ಯವಾಗಿತ್ತು. ಆರೋಗ್ಯವಂತ ನಾಯಿಗಳಲ್ಲೂ ಅಷ್ಟೇ ಬ್ಯಾಕ್ಟೀರಿಯಾ ಸಿಕ್ಕಾಗ ಅದು ಸಡಿಲವಾಯಿತು. ‘ಆಂಟಿಬಯೋಟಿಕ್‌ಗೆ ಬಗ್ಗುವ ಭೇದಿ’ ಎಂಬ ವಿನಯದ ಹೆಸರು ಬಂತು. ಫಿನ್‌ಲೆಂಡಿನ ವೆಸ್ಟರ್‌ಮಾರ್ಕ್ 2005ರಲ್ಲಿ ಟೈಲೋಸಿನ್ ಎಂಬ ಆಂಟಿಬಯೋಟಿಕ್ ಕೊಟ್ಟಾಗ ನಿಲ್ಲುವ, ಬಿಟ್ಟಾಗ ಮರಳುವ ಭೇದಿಯನ್ನು ವರದಿ ಮಾಡಿದರು. ಬಿಟ್ಟಾಗ ಮರಳುವುದನ್ನು ವಾಸಿ ಅನ್ನಬಹುದೇ ಎಂಬ ಪ್ರಶ್ನೆಯನ್ನು ನಾವು ಆಗಲೇ ಕೇಳಬೇಕಿತ್ತು.

ಆಮೇಲೆ ಬಂದದ್ದು ಎಂಡೋಸ್ಕೋಪಿಯ ಯುಗ. ಕೊಳವೆ ಇಳಿಸಿ, ಕರುಳಿನ ಚೂರು ಕಿತ್ತು, ಉರಿಯೂತದ ಜೀವಕೋಶಗಳನ್ನು ಎಣಿಸಿದರೆ ರೋಗ ತನ್ನ ಹೆಸರನ್ನು ತಾನೇ ಹೇಳುತ್ತದೆಂದು ನಂಬಿದ್ದೆವು. ಒಂದೇ ಚೂರನ್ನು ಇಬ್ಬರು ತಜ್ಞರು ಎರಡು ಥರ ಓದುತ್ತಾರೆಂದು ತಿಳಿದ ಮೇಲೆ 2008ರಲ್ಲಿ ಸಣ್ಣ ಪ್ರಾಣಿಗಳ ವೈದ್ಯರ ಜಾಗತಿಕ ಸಂಘವಾದ ಡಬ್ಲ್ಯುಎಸ್‌ಎವಿಎಯ ಬಳಗ ಓದುವ ಕ್ರಮಕ್ಕೆ ಒಂದು ಸಮಾನ ಅಳತೆ ಕೊಟ್ಟಿತು. ಒಳ್ಳೆಯ ಕೆಲಸ. ಆದರೆ ಅಷ್ಟರಲ್ಲಿ ಇನ್ನೊಂದು ಮುಜುಗರದ ಸಂಗತಿ ಹೊರಬಿದ್ದಿತ್ತು: ಗೆಲುವಾಗಿ ಓಡಾಡಿಕೊಂಡು ಮಲ ಗಟ್ಟಿಯಾದ ನಾಯಿಯ ಕರುಳಿನ ಚೂರು, ಕಾಯಿಲೆ ಇದ್ದಾಗಿನ ಚೂರಿಗಿಂತ ಹೆಚ್ಚೇನೂ ಬೇರೆಯಾಗಿ ಕಾಣುತ್ತಿರಲಿಲ್ಲ. ಬಯಾಪ್ಸಿ ಕ್ಯಾನ್ಸರನ್ನು ತಳ್ಳಿಹಾಕಲು ಬೇಕೇ ಬೇಕು. ಯಾವ ಚಿಕಿತ್ಸೆ ಫಲಿಸುತ್ತದೆ ಎಂದು ಹೇಳುವ ಶಕ್ತಿ ಅದಕ್ಕಿಲ್ಲ.

ಹಾಗಾಗಿ ವಿಂಗಡಣೆಯೇ ತಲೆಕೆಳಗಾಯಿತು. ಮೂರು ವಾರ ಮೀರಿದ, ಬೇರೆ ಕಾರಣ ಸಿಗದ ಕರುಳಿನ ಬೇನೆಯನ್ನು ಅದು ಯಾವುದಕ್ಕೆ ಬಗ್ಗುತ್ತದೆ ಎಂಬುದರ ಮೇಲೆ ಗುರುತಿಸತೊಡಗಿದರು: ಊಟಕ್ಕೆ, ಆಂಟಿಬಯೋಟಿಕ್‌ಗೆ, ಸ್ಟೆರಾಯ್ಡ್‌ಗೆ, ಅಥವಾ ಯಾವುದಕ್ಕೂ ಇಲ್ಲ. ಈ ದಾರಿಯಲ್ಲಿ ಕರಿನ್ ಅಲೆನ್‌ಸ್ಪಾಕ್ ಮತ್ತು ಸಂಗಡಿಗರ ಕೆಲಸ ನನ್ನ ಮಟ್ಟಿಗೆ ಇಡೀ ಕ್ಷೇತ್ರದ ತಿರುವು. 2016ರಲ್ಲಿ ಅವರು ಪ್ರಕಟಿಸಿದ 203 ನಾಯಿಗಳ ಲೆಕ್ಕದಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಪಾಲು ಬರೀ ಊಟ ಬದಲಿಸಿದ್ದಕ್ಕೆ ಸುಧಾರಿಸಿದ್ದವು. ಆಂಟಿಬಯೋಟಿಕ್‌ಗೆ ಬಗ್ಗಿದ್ದು ಶೇ. 16 ಮಾತ್ರ. ಊಟಕ್ಕೆ ಬಗ್ಗುವ ನಾಯಿ ಸಾಮಾನ್ಯವಾಗಿ ಎರಡು ವಾರದೊಳಗೇ ಅದನ್ನು ತೋರಿಸಿಕೊಡುತ್ತದೆ. ಇಷ್ಟು ಸರಳವಾದ, ಇಷ್ಟು ಬೇಗ ಉತ್ತರ ಕೊಡುವ ಪರೀಕ್ಷೆ ನಮ್ಮ ವೈದ್ಯದಲ್ಲಿ ಮತ್ತೊಂದಿಲ್ಲ. ಆದರೂ ಅದು ಫ್ಯಾಷನ್ ಆಗಲಿಲ್ಲ, ಏಕೆಂದರೆ ಅದಕ್ಕೆ ಯಂತ್ರ ಬೇಡ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ‘ಊಟ ಬದಲಿಸಿ ನೋಡಿದೆವು ಸಾರ್, ಏನೂ ಆಗಲಿಲ್ಲ’ ಎನ್ನುವವರಲ್ಲಿ ಬಹುಪಾಲು ಜನ ಬದಲಿಸಿರುವುದು ಚೀಲವನ್ನು ಮಾತ್ರ. ಹಳೆಯ ಚೀಲದಲ್ಲೂ ಕೋಳಿ, ಹೊಸದರಲ್ಲೂ ಕೋಳಿ. ಪರೀಕ್ಷೆ ಎಂದರೆ ನಾಯಿ ಹಿಂದೆಂದೂ ತಿನ್ನದ ಒಂದೇ ಪ್ರೋಟೀನು, ಒಂದೇ ಪಿಷ್ಟ. ಇಲ್ಲವೇ ಹೈಡ್ರೊಲೈಸ್ಡ್ ಆಹಾರ. ಅದರಲ್ಲಿ ಪ್ರೋಟೀನನ್ನು ದೇಹ ಗುರುತಿಸಲಾರದಷ್ಟು ಸಣ್ಣ ತುಣುಕು ಮಾಡಿರುತ್ತಾರೆ. ಅದರ ಹೊರತು ಒಂದು ಚೂರೂ ಬಾಯಿಗೆ ಹೋಗಬಾರದು. ನಮ್ಮ ಮನೆಗಳಲ್ಲಿ ಇದು ಸುಲಭವಲ್ಲ. ಅಜ್ಜಿಗೆ ನಾಯಿಯ ಮುಂದೆ ತಾನೊಬ್ಬಳೇ ಚಪಾತಿ ತಿನ್ನಲು ಮನಸ್ಸು ಬಾರದು. ಮಗ ಕಾಫಿಗೆ ಅದ್ದಿದ ಬಿಸ್ಕತ್ತಿನ ಕೊನೆಯ ತುಂಡನ್ನು ಎಸೆಯುತ್ತಾನೆ. ವಾಚ್‌ಮನ್ ಬನ್ನು ಕೊಡುತ್ತಾನೆ. ತಿಂಗಳ ಉಣ್ಣಿ ಮಾತ್ರೆಯಲ್ಲಿ ಮಾಂಸದ ರುಚಿ ಬೆರೆತಿರುತ್ತದೆ, ಕಹಿ ಮಾತ್ರೆಯನ್ನು ಪೇಡಾದಲ್ಲಿ ಹುದುಗಿಸಿ ನುಂಗಿಸುತ್ತಾರೆ. ಮನೆಯವರನ್ನೆಲ್ಲ ಕೂರಿಸಿ ಹೇಳದೆ ಹೋದರೆ ಊಟದ ಪರೀಕ್ಷೆ ಚೀಟಿಯ ಮೇಲೆ ಮಾತ್ರ ನಡೆಯುತ್ತದೆ. ನನ್ನ ಅನುಭವದಲ್ಲಿ ಅಜ್ಜಿ ಒಪ್ಪಿದ ಮನೆಯಲ್ಲಿ ನಾಯಿ ಗೆಲ್ಲುತ್ತದೆ.

ಊಟಕ್ಕೂ ಮೊದಲು ನೋಡಬೇಕಾದವು ಇವೆ, ಅವನ್ನು ಬಿಟ್ಟು ಹಾರುವುದು ಅಪಾಯ. ನಮ್ಮ ಹವೆಯಲ್ಲಿ ಕೊಕ್ಕೆಹುಳು, ಚಾಟಿಹುಳು, ಜಿಯಾರ್ಡಿಯಾ ಇಲ್ಲವೆಂದು ಒಂದೇ ದಿನದ ಮಲ ನೋಡಿ ಹೇಳಲಾಗದು. ಬಂದು ಹೋಗುವ ವಾಂತಿಭೇದಿ, ನಡುನಡುವೆ ಕುಸಿತ ಇದ್ದರೆ ಅಡ್ರಿನಲ್ ಗ್ರಂಥಿ ಸೊರಗುವ ಅಡಿಸನ್ ಕಾಯಿಲೆಯನ್ನು ನೆನೆಯಬೇಕು. ಕಾರ್ಟಿಸೋಲ್ ನೋಡಿದರೆ ಸುಳಿವು ಸಿಗುತ್ತದೆ. ರಕ್ತದ ಆಲ್ಬುಮಿನ್ ಇಳಿದು ಹೊಟ್ಟೆಯಲ್ಲಿ ನೀರು ತುಂಬುತ್ತಿದ್ದರೆ ಕರುಳು ಪ್ರೋಟೀನನ್ನೇ ಸೋರಿಸುತ್ತಿರಬಹುದು. ಅಂಥ ನಾಯಿಗೆ ಎರಡು ವಾರ ಕಾಯುವ ಮಾತಿಲ್ಲ. ಕೊಬ್ಬು ತೀರಾ ಕಡಿಮೆಯಿರುವ ಊಟದಿಂದ ಅವುಗಳಲ್ಲೂ ಕೆಲವು ಚೇತರಿಸಿಕೊಳ್ಳುತ್ತವೆಂದು ಜಪಾನಿನ ವೈದ್ಯರು ತೋರಿಸಿದ್ದು ಈಚಿನ ದೊಡ್ಡ ಸಮಾಧಾನ. ಬಿ12 ಕಡಿಮೆಯಿದ್ದರೆ ವಾರವಾರ ಚುಚ್ಚಲೇಬೇಕಿಲ್ಲ, ಮಾತ್ರೆಯೂ ಸಾಕು ಎಂದು 2016ರಿಂದ ಗೊತ್ತಾಗಿದೆ.

ಈಗಿನ ಯುಗ ಕರುಳಿನ ಸೂಕ್ಷ್ಮಜೀವಿಗಳದ್ದು. ಟೆಕ್ಸಾಸಿನ ಯಾನ್ ಸುಕೊಡೊಲ್ಸ್‌ಕಿ ತಂಡದ ಕೆಲಸ ಗಟ್ಟಿಯಾದದ್ದು. ಹಿರಾನೊನಿಸ್ ಎಂಬ ಒಂದು ಬ್ಯಾಕ್ಟೀರಿಯಾ ಪಿತ್ತಾಮ್ಲವನ್ನು ಮಾರ್ಪಡಿಸಿ ಕರುಳಿನ ಹದ ಕಾಯುತ್ತದೆ, ಹಳೇ ಭೇದಿಯ ಅನೇಕ ನಾಯಿಗಳಲ್ಲಿ ಅದು ಕುಂದಿರುತ್ತದೆ. 2020ರಲ್ಲಿ ಅದೇ ತಂಡ ಆರೋಗ್ಯವಂತ ನಾಯಿಗಳಿಗೆ ಎರಡು ವಾರ ಮೆಟ್ರೊನಿಡಜೋಲ್ ಕೊಟ್ಟು ನೋಡಿತು. ಔಷಧ ನಿಲ್ಲಿಸಿ ನಾಲ್ಕು ವಾರ ಕಳೆದರೂ ಕೆಲವು ನಾಯಿಗಳ ಕರುಳು ಮೊದಲಿನಂತಾಗಿರಲಿಲ್ಲ. ನಾವು ಉಪ್ಪಿನಂತೆ ಉದುರಿಸುತ್ತಿದ್ದ ಔಷಧ ಅದು. ದಿಢೀರ್ ಭೇದಿಯ ಬಹುತೇಕ ನಾಯಿಗಳಿಗೆ ಆಂಟಿಬಯೋಟಿಕ್ ಬೇಡವೆಂದು 2024ರ ಯುರೋಪಿನ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ. ಆರೋಗ್ಯವಂತ ನಾಯಿಯ ಮಲವನ್ನು ರೋಗಿಯ ಕರುಳಿಗೆ ಸೇರಿಸುವ ಚಿಕಿತ್ಸೆಯೂ ಬಂದಿದೆ, ಭರವಸೆ ಇದೆ. ಆದರೆ ಮೂಲೆಮೂಲೆಯಲ್ಲಿ ಮಾರುವ ಪ್ರೊಬಯೋಟಿಕ್ ಪೊಟ್ಟಣಕ್ಕೂ ಆ ಪ್ರಯೋಗಾಲಯಕ್ಕೂ ಇರುವ ನಂಟು ಬಲು ದೂರದ್ದು.

ಧಾನ್ಯರಹಿತ ಚೀಲದ ಬಗ್ಗೆ ಎರಡೇ ಮಾತು. 2013ರಲ್ಲಿ ಸ್ವೀಡನ್ನಿನ ಆಕ್ಸೆಲ್‌ಸನ್ ಮತ್ತಿತರರು ತೋಳದಲ್ಲಿ ಎರಡೇ ಪ್ರತಿ ಇರುವ ಪಿಷ್ಟ ಜೀರ್ಣಿಸುವ ಜೀನು ನಾಯಿಯಲ್ಲಿ ನಾಲ್ಕರಿಂದ ಮೂವತ್ತರವರೆಗೆ ಇದೆಯೆಂದು ತೋರಿಸಿದರು. ಮನುಷ್ಯನ ಅನ್ನ, ಮುದ್ದೆಗೆ ನಾಯಿ ಒಗ್ಗಿಕೊಂಡದ್ದರ ಗುರುತು ಅದು. 2018ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಕೆಲವು ಧಾನ್ಯರಹಿತ ಆಹಾರಗಳಿಗೂ ಹೃದಯ ಹಿಗ್ಗುವ ಕಾಯಿಲೆಗೂ ನಂಟಿರಬಹುದೆಂದು ಎಚ್ಚರಿಸಿತು. ಕಾರಣ ಸಾಬೀತಾಗಿಲ್ಲ, ಆದರೆ ಹೊಟ್ಟೆಗೆ ಲಾಭವೂ ಸಾಬೀತಾಗಿಲ್ಲ.

ಇಷ್ಟೆಲ್ಲ ಓದಿದ ಮೇಲೆ ಒಂದು ಖಾಲಿ ಜಾಗ ಕಣ್ಣಿಗೆ ಹೊಡೆಯುತ್ತದೆ. ಮೇಲೆ ಹೇಳಿದ ಊಟದ ಪರೀಕ್ಷೆಗಳ ಬಟ್ಟಲಲ್ಲಿದ್ದದ್ದು ಬಹುಮಟ್ಟಿಗೆ ಕಂಪನಿಯ ಕಾಳು. ನಮ್ಮ ಬಟ್ಟಲಲ್ಲಿರುವುದು ಮೊಸರನ್ನ, ರಾಗಿ ಗಂಜಿ, ಮೊಟ್ಟೆ, ಬೇಯಿಸಿದ ಕೋಳಿ. ಸಸ್ಯಾಹಾರಿ ಮನೆಯಲ್ಲಿ ಪನೀರು, ಸೋಯಾ. ಹೈಡ್ರೊಲೈಸ್ಡ್ ಚೀಲದ ಬೆಲೆ ಒಂದು ಸಂಸಾರದ ರೇಷನ್ ಮೀರುತ್ತದೆ. ಅನ್ನ ಕೋಳಿಯನ್ನೇ ವರ್ಷಗಟ್ಟಲೆ ಹಾಕಿದರೆ ಕ್ಯಾಲ್ಸಿಯಂ ಸಾಲದು, ಸತು ಸಾಲದು. ಹಾಗಿರುವಾಗ ನಮ್ಮ ಅಡುಗೆಮನೆಯಲ್ಲೇ ಮಾಡಬಹುದಾದ, ಅಳತೆ ಗೊತ್ತಿರುವ, ಒಂದೇ ಪ್ರೋಟೀನಿನ ಊಟವನ್ನು ಹಳೇ ಭೇದಿಯ ನಾಯಿಗಳ ಮೇಲೆ ಕ್ರಮವಾಗಿ ಪರೀಕ್ಷಿಸುವ ಕೆಲಸ ಯಾರದು? ಹೆಬ್ಬಾಳದಲ್ಲಿ ಕಾಲೇಜಿದೆ, ಬೀದರಿನಲ್ಲಿ ವಿಶ್ವವಿದ್ಯಾಲಯವಿದೆ, ಮುಧೋಳದ ನಾಯಿಗೆಂದೇ ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರವಿದೆ. ಇದಕ್ಕೆ ಬೇಕಾದದ್ದು ತಕ್ಕಡಿ, ನೋಟ್‌ಬುಕ್ಕು, ಹಟ ಹಿಡಿದ ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿ. ಎಂಡೋಸ್ಕೋಪಿಗೆ ಹಣ ಮಂಜೂರಾಗುತ್ತದೆ, ರಾಗಿ ಗಂಜಿಗೆ ಆಗುವುದಿಲ್ಲ.

ಅಲ್ಲಿಯವರೆಗೆ ನಾಯಿ ಸಾಕಿದವರಲ್ಲಿ ಒಂದು ಕೋರಿಕೆ. ಮುಂದಿನ ಚೀಲ ಕೊಳ್ಳುವ ಮೊದಲು, ಮುಂದಿನ ಮಾತ್ರೆ ಕೇಳುವ ಮೊದಲು, ನಾಯಿಯ ಬಾಯಿಗೆ ಹೋದದ್ದನ್ನೂ ಹೊರಗೆ ಬಂದದ್ದರ ಹದವನ್ನೂ ತೂಕವನ್ನೂ ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡಿ. ಯಾರು ಏನು ಕೊಟ್ಟರೆಂಬುದನ್ನೂ ಬರೆಯಿರಿ. ವೈದ್ಯರ ಬಳಿ ಹೋಗುವಾಗ ವರದಿಗಳ ಜೊತೆ ಆ ಪುಸ್ತಕವನ್ನೂ ತನ್ನಿ, ಅದನ್ನು ಓದದೆ ಚೀಟಿ ಬರೆಯಲು ಅವರಿಗೆ ಬಿಡಬೇಡಿ.