ಶುಶ್ರೂಷಾ ಸೇವೆ: ಕಾನೂನು ಹೊಣೆಗಾರಿಕೆ ಮತ್ತು ನಾಗರಿಕರಿಗೆ ಲಭ್ಯವಿರುವ ಪರಿಹಾರ

ಆಸ್ಪತ್ರೆಗೆ ದಾಖಲಾದ ರೋಗಿಯ ಬಳಿ ಹಗಲಿರುಳು ಇರುವವರು ಶುಶ್ರೂಷಾ ಸಿಬ್ಬಂದಿ. ವೈದ್ಯರು ಬರೆದ ಔಷಧವು ಬಹುಪಾಲು ಅವರ ಕೈಯಿಂದಲೇ ರೋಗಿಗೆ ತಲುಪುತ್ತದೆ. ಅವರ ಕರ್ತವ್ಯಗಳೇನು, ಲೋಪವಾದಲ್ಲಿ ಹೊಣೆ ಯಾರದು, ಅರ್ಜಿಯನ್ನು ಎಲ್ಲಿ ಸಲ್ಲಿಸಬೇಕು ಎಂಬ ವಿವರಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಕೆಳಗೆ ನೀಡಲಾಗಿದೆ.

1. ನೋಂದಣಿ

ಕರ್ನಾಟಕದಲ್ಲಿ ದಾದಿಯರು, ಸೂಲಗಿತ್ತಿಯರು ಮತ್ತು ಆರೋಗ್ಯ ಸಂದರ್ಶಕರ 1961ರ ಅಧಿನಿಯಮದನ್ವಯ ರಾಜ್ಯ ಶುಶ್ರೂಷಾ ಪರಿಷತ್ತು ನೋಂದಣಿ ಪುಸ್ತಕವನ್ನು ನಿರ್ವಹಿಸುತ್ತದೆ. ರಾಷ್ಟ್ರಮಟ್ಟದಲ್ಲಿ 1947ರ ಭಾರತೀಯ ಶುಶ್ರೂಷಾ ಪರಿಷತ್ತಿನ ಅಧಿನಿಯಮದ ಸ್ಥಾನದಲ್ಲಿ ರಾಷ್ಟ್ರೀಯ ಆಯೋಗವನ್ನು ರಚಿಸಲು ಸಂಸತ್ತು 2023ರಲ್ಲಿ ಹೊಸ ಅಧಿನಿಯಮವನ್ನು ಅಂಗೀಕರಿಸಿದೆ. ಎ.ಎನ್.ಎಂ., ಜಿ.ಎನ್.ಎಂ. ಅಥವಾ ಬಿ.ಎಸ್ಸಿ. ನರ್ಸಿಂಗ್ ತೇರ್ಗಡೆಯಾದ ಮಾತ್ರಕ್ಕೆ ಸಾಲದು. ಪರಿಷತ್ತಿನಲ್ಲಿ ಹೆಸರು ನೋಂದಣಿಯಾಗಿರತಕ್ಕದ್ದು.

2. ಮುಖ್ಯ ಕರ್ತವ್ಯಗಳು

ಅ) ಔಷಧ ನೀಡುವ ಮುನ್ನ ರೋಗಿ, ಔಷಧ, ಪ್ರಮಾಣ, ನೀಡುವ ಮಾರ್ಗ ಮತ್ತು ವೇಳೆ – ಈ ಐದನ್ನೂ ತಾಳೆ ನೋಡುವುದು.
ಆ) ವೈದ್ಯರ ಆದೇಶ ಅಸ್ಪಷ್ಟವಾಗಿದ್ದಲ್ಲಿ ಮರಳಿ ಕೇಳಿ ಖಚಿತಪಡಿಸಿಕೊಳ್ಳುವುದು.
ಇ) ರೋಗಿಯ ಸ್ಥಿತಿ ಬದಲಾದಲ್ಲಿ ವೈದ್ಯರಿಗೆ ಕೂಡಲೇ ತಿಳಿಸುವುದು.
ಈ) ನೀಡಿದ ಚಿಕಿತ್ಸೆಯನ್ನು ವೇಳೆ ಸಹಿತ ಆಗಿಂದಾಗಲೇ ಬರೆದು ಸಹಿ ಮಾಡುವುದು.

ಶಸ್ತ್ರಚಿಕಿತ್ಸೆಯ ಸ್ವರೂಪ ಮತ್ತು ಅಪಾಯಗಳನ್ನು ವಿವರಿಸಿ ಒಪ್ಪಿಗೆ ಪಡೆಯುವ ಹೊಣೆ ವೈದ್ಯರದು. ವಿವರಣೆ ದೊರೆಯದೆ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಬೇಕಾಗಿಲ್ಲ.

3. ನಿರ್ಲಕ್ಷ್ಯ ಎಂದರೇನು?

ಚಿಕಿತ್ಸೆ ಫಲಿಸದಿದ್ದುದೇ ನಿರ್ಲಕ್ಷ್ಯವಾಗುವುದಿಲ್ಲ. ಕರ್ತವ್ಯವಿತ್ತು, ಅದನ್ನು ತಕ್ಕ ಎಚ್ಚರಿಕೆಯಿಂದ ಪಾಲಿಸಲಿಲ್ಲ, ಅದರಿಂದಲೇ ಹಾನಿಯಾಯಿತು – ಈ ಮೂರೂ ಸಿದ್ಧವಾಗಬೇಕು. ಕ್ರಿಮಿನಲ್ ಹೊಣೆಗೆ ನಿರ್ಲಕ್ಷ್ಯವು ಅತಿ ಗಂಭೀರ ಸ್ವರೂಪದ್ದಾಗಿರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ತೀರ್ಪು ನೀಡಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106(1)ನೇ ಪ್ರಕರಣದಂತೆ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದಲ್ಲಿ ಐದು ವರ್ಷಗಳವರೆಗೆ ಕಾರಾವಾಸ ವಿಧಿಸಬಹುದು. ಎರಡು ವರ್ಷಗಳ ಮಿತಿಯು ನೋಂದಾಯಿತ ವೈದ್ಯರಿಗೆ ಮಾತ್ರ ಅನ್ವಯಿಸುತ್ತದೆ.

4. ಆಸ್ಪತ್ರೆಯ ಹೊಣೆ

ಟೈಫಾಯಿಡ್ ಚಿಕಿತ್ಸೆಗೆಂದು 1993ರಲ್ಲಿ ದೆಹಲಿಯ ಆಸ್ಪತ್ರೆಯಲ್ಲಿ ದಾಖಲಾಗಿದ್ದ ಮಗುವೊಂದಕ್ಕೆ ಶುಶ್ರೂಷಕಿಯು ರಕ್ತನಾಳದ ಮೂಲಕ ಚುಚ್ಚುಮದ್ದು ನೀಡಿದ ಕೂಡಲೇ ಮಗು ಕುಸಿದು, ಮಿದುಳಿಗೆ ಸರಿಪಡಿಸಲಾಗದ ಹಾನಿಯಾಯಿತು. ಆಕೆ ಯಾವ ರಾಜ್ಯದ ಪರಿಷತ್ತಿನಲ್ಲಿಯೂ ನೋಂದಾಯಿತಳಾಗಿರಲಿಲ್ಲವೆಂದು ವಿಚಾರಣೆಯಲ್ಲಿ ಕಂಡುಬಂದಿತು. ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆ ಪ್ರಕರಣವೆಂದು ಹೆಸರಾದ ಇದರಲ್ಲಿ ಸರ್ವೋಚ್ಚ ನ್ಯಾಯಾಲಯವು 1998ರಲ್ಲಿ ಸಿಬ್ಬಂದಿಯ ಲೋಪಕ್ಕೆ ಆಸ್ಪತ್ರೆಯೇ ಹೊಣೆಯೆಂದು ತಿಳಿಸಿ, ಮಗುವಿಗೆ 12.5 ಲಕ್ಷ ರೂ. ಮತ್ತು ತಂದೆ-ತಾಯಿಗೆ 5 ಲಕ್ಷ ರೂ. ಪರಿಹಾರವನ್ನು ಎತ್ತಿಹಿಡಿಯಿತು. ಮಗುವಿನೊಂದಿಗೆ ತಂದೆ-ತಾಯಿಯೂ ಗ್ರಾಹಕರೇ ಎಂದು ಸ್ಪಷ್ಟಪಡಿಸಿತು.

5. ದೂರು ಸಲ್ಲಿಸುವ ವಿಧಾನ

ಅ) ಮೊದಲು ಚಿಕಿತ್ಸಾ ದಾಖಲೆಗಳ ಪ್ರತಿಯನ್ನು ಲಿಖಿತವಾಗಿ ಕೋರಿ, ಸ್ವೀಕೃತಿ ಪಡೆಯತಕ್ಕದ್ದು. ಶುಶ್ರೂಷಾ ಟಿಪ್ಪಣಿ ಮತ್ತು ಔಷಧ ಪಟ್ಟಿಯನ್ನು ಹೆಸರಿಸಿ ಕೇಳುವುದು ಸೂಕ್ತ. 2002ರ ವೈದ್ಯಕೀಯ ನಡತೆ ನಿಯಮಾವಳಿಯಂತೆ 72 ಗಂಟೆಗಳೊಳಗೆ ದಾಖಲೆ ನೀಡಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿಯೂ ಅರ್ಜಿ ಸಲ್ಲಿಸಬಹುದು.
ಆ) ವೃತ್ತಿ ದುರ್ನಡತೆಯ ದೂರನ್ನು ರಾಜ್ಯ ಶುಶ್ರೂಷಾ ಪರಿಷತ್ತಿಗೆ ಸಲ್ಲಿಸಬಹುದು.
ಇ) ಖಾಸಗಿ ಆಸ್ಪತ್ರೆಯ ಕುಂದುಕೊರತೆಗಳನ್ನು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ ಸಲ್ಲಿಸಬಹುದು.
ಈ) ಹಣ ಪಾವತಿಸಿ ಪಡೆದ ಸೇವೆಗೆ ಪರಿಹಾರ ಕೋರುವವರು ದೂರಿಗೆ ಕಾರಣವುಂಟಾದ ದಿನದಿಂದ ಎರಡು ವರ್ಷಗಳೊಳಗೆ ಗ್ರಾಹಕರ ಆಯೋಗಕ್ಕೆ ದೂರು ನೀಡಬೇಕು. ತಾವು ವಾಸಿಸುವ ಜಿಲ್ಲೆಯಲ್ಲಿಯೇ ಸಲ್ಲಿಸಬಹುದು.
ಉ) ಎಲ್ಲರಿಗೂ ಉಚಿತ ಸೇವೆ ನೀಡುವ ಆಸ್ಪತ್ರೆಗಳು ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲ. ಅಂತಹ ಪ್ರಕರಣಗಳಲ್ಲಿ ಸಿವಿಲ್ ನ್ಯಾಯಾಲಯದಲ್ಲಿ ಪರಿಹಾರ ಕೋರಬಹುದು.

ಸೂಚನೆ: ಶುಶ್ರೂಷಾ ಸಿಬ್ಬಂದಿಯ ಮೇಲೆ ಹಲ್ಲೆ ನಡೆಸುವುದು 2009ರ ರಾಜ್ಯ ಅಧಿನಿಯಮದಡಿ ಶಿಕ್ಷಾರ್ಹ ಅಪರಾಧ. ವಾರ್ಡಿನ ವಾಗ್ವಾದದಿಂದ ಪರಿಹಾರ ದೊರೆಯದು. ದಿನಾಂಕ, ವೇಳೆ ಮತ್ತು ಸಹಿಯುಳ್ಳ ದಾಖಲೆಯೇ ರೋಗಿಗೂ, ಕರ್ತವ್ಯ ಪಾಲಿಸಿದ ಸಿಬ್ಬಂದಿಗೂ ರಕ್ಷಣೆ. ಈ ಮಾಹಿತಿಯು ಕಾನೂನು ಸಲಹೆಗೆ ಪರ್ಯಾಯವಲ್ಲ.