ಶಾಲೆಗಳಲ್ಲಿ ಇ-ಸ್ಪೋರ್ಟ್ಸ್

ತಂಡ ಕಟ್ಟಿ, ನಿಯಮ ಹಾಕಿ, ತೀರ್ಪುಗಾರರನ್ನು ಕೂರಿಸಿ ವಿಡಿಯೋ ಗೇಮ್‌ಗಳನ್ನು ಪಂದ್ಯವಾಗಿ ಆಡಿಸುವ ಶಾಲಾ ಚಟುವಟಿಕೆ. ನಾರ್ವೆಯ ಬರ್ಗೆನ್‌ನ ಗಾರ್ನೆಸ್ ಶಾಲೆ 2016ರಲ್ಲಿ ಇದನ್ನು ಐಚ್ಛಿಕ ವಿಷಯವಾಗಿಸಿತು. ವಾರಕ್ಕೆ 5 ಗಂಟೆಯ ಆ ತರಗತಿಯಲ್ಲಿ ವ್ಯಾಯಾಮಕ್ಕೂ ಪಾಲಿತ್ತು.

ಭಾರತ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಇ-ಸ್ಪೋರ್ಟ್ಸನ್ನು ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ತಂದಿತು. ಮರುವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅದಕ್ಕೆ ಪದಕದ ಸ್ಥಾನ ಸಿಕ್ಕಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸನ್ನು ಅವುಗಳಿಂದ ಬೇರೆ ಮಾಡಿತು. ಜೂಜಿನ ಭಯದಿಂದ ಹಿಂದೆ ಸರಿಯುತ್ತಿದ್ದ ಮುಖ್ಯೋಪಾಧ್ಯಾಯರಿಗೆ ಈ ಗೆರೆ ಉಪಯುಕ್ತ.

ಹುಬ್ಬಳ್ಳಿ–ಧಾರವಾಡದ ನಡುವಿನ ಅಮರಗೋಳದಂಥ ಊರುಗಳಲ್ಲಿ ಆಟ ಶಾಲೆಯನ್ನು ಕಾಯದೆ ಮೊಬೈಲಿನಲ್ಲೇ ಹುಡುಗರನ್ನು ತಲುಪಿದೆ. 2021ರ ಜುಲೈನಲ್ಲಿ ಬಂದ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಎಂಬ ಬಂದೂಕಿನ ಆಟ ಅದರಲ್ಲಿ ಮುಖ್ಯವಾದುದು. ನಾಲ್ವರ ತಂಡದಲ್ಲಿ ಒಬ್ಬ ದಾರಿ ನಿರ್ಧರಿಸುತ್ತಾನೆ, ಉಳಿದವರು ಸುದ್ದಿ ಕೊಡುತ್ತಾರೆ. ಪರದೆಯ ಮೇಲಂಚಿನ ದಿಕ್ಸೂಚಿ ನೋಡಿ, ‘ಟೂ ಫಾರ್ಟಿ, ಗ್ವಾಡಿ ಹಿಂದ ಒಬ್ಬ ಅದಾನ’ ಎಂದಷ್ಟೇ ಹೇಳಬೇಕು. ಹೆಚ್ಚು ಮಾತಾಡಿದರೆ ಪಂದ್ಯ ಕೈತಪ್ಪುತ್ತದೆ. 240 ಡಿಗ್ರಿ ಎಂದರೆ ನೈಋತ್ಯದ ಕಡೆ ಎಂಬುದನ್ನು ಭೂಗೋಳದ ಪುಸ್ತಕ ತೆರೆಯದವನೂ ಇಲ್ಲಿ ಬಲ್ಲ.

ಇಷ್ಟಕ್ಕೇ ಇದನ್ನು ಶಿಕ್ಷಣವೆನ್ನುವುದು ಅತಿಯಾದೀತು. ಆ್ಯಕ್ಷನ್ ಗೇಮ್ ಆಡುವವರ ದೃಷ್ಟಿ-ಗಮನ ಚುರುಕು ಎಂದು ಗ್ರೀನ್ ಮತ್ತು ಬಾವೆಲಿಯರ್ 2003ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು ನಿಜ. ಆದರೆ ಆ ಚುರುಕು ಗಣಿತದ ಅಂಕಪಟ್ಟಿಗೆ ತಾನಾಗಿ ಇಳಿಯುವುದಿಲ್ಲ. ಕಲಿಕೆ ಹೆಚ್ಚಾಗಿ ಆಟದ ಸುತ್ತ ಇದೆ: ಸೋತ ಪಂದ್ಯದ ರೆಕಾರ್ಡಿಂಗ್ ಹಾಕಿ ಎಲ್ಲಿ ಎಡವಿದೆವೆಂದು ಜಗಳವಿಲ್ಲದೆ ಚರ್ಚಿಸುವುದು, ವೇಳಾಪಟ್ಟಿ ಮಾಡುವುದು, ಕನ್ನಡದಲ್ಲಿ ವೀಕ್ಷಕ ವಿವರಣೆ ಕೊಡುವುದು. ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ 2018ರಲ್ಲಿ ಶುರುವಾದ ಪ್ರೌಢಶಾಲಾ ಲೀಗು ಆಡದ ಮಕ್ಕಳಿಗೂ ಸಂಘಟಕ, ವರದಿಗಾರನಂಥ ಪಾತ್ರ ಕೊಟ್ಟಿತು.

ಅಪಾಯವೂ ಚಿಕ್ಕದಲ್ಲ. ಬೆಂಗಳೂರಿನ ನಿಮ್ಹಾನ್ಸ್ 2014ರಿಂದ ತಂತ್ರಜ್ಞಾನದ ಅತಿಬಳಕೆಗೆಂದೇ ಶಟ್ ಕ್ಲಿನಿಕ್ ನಡೆಸುತ್ತಿದೆ; ಗೇಮಿಂಗ್ ವ್ಯಸನವನ್ನು ಸೇರಿಸಿಕೊಂಡ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಬಿಜಿಎಂಐ 18ರೊಳಗಿನವರಿಗೆ ದಿನಕ್ಕೆ 3 ಗಂಟೆಯ ಮಿತಿ ಹಾಕಿದೆ. ಶಾಲಾ ದಿನಕ್ಕೆ ಅದೂ ಹೆಚ್ಚೇ.

ಬಂದೂಕಿನ ಆಟ ಬೇಡವೆನ್ನುವ ಶಾಲೆಗೆ ಬೇರೆ ದಾರಿಯಿದೆ. ರಿಯಾದ್‌ನಲ್ಲಿ ನಡೆದ 2025ರ ಇ-ಸ್ಪೋರ್ಟ್ಸ್ ವಿಶ್ವಕಪ್‌ನಲ್ಲಿ ಚೆಸ್ ಕೂಡ ಇತ್ತು, ಮ್ಯಾಗ್ನಸ್ ಕಾರ್ಲ್‌ಸನ್ ಗೆದ್ದರು. ಅದನ್ನು ಆಡಿಸಲು ಶಾಲೆಯ ಹಳೆಯ ಕಂಪ್ಯೂಟರ್‌ಗಳು ಸಾಕು.